ಕೈಪಂಪಿನ ಕಕ್ಕಸು, ಕವ್ವಾಯಿಯ ನೀರು

ದೂರ ಸಾಗುವ ಸಣ್ಣ ಹಾಯಿದೋಣಿಯ ಕಕ್ಕಸಿಗೆ ಕರೆಂಟು ಬೇಡ. ಪಿಂಗಾಣಿ ಬಟ್ಟಲಿನ ಬದಿಗೆ ಮೊಣಕೈಯುದ್ದದ ಪಂಪೊಂದು ನಿಂತಿರುತ್ತದೆ. ಸಾಮಾನ್ಯ ಮಾದರಿಯಲ್ಲಿ ಹಿಡಿಯನ್ನು ಮೇಲೆಳೆದರೆ ಸಮುದ್ರದ ನೀರು ಬಟ್ಟಲಿಗೆ ಇಳಿಯುತ್ತದೆ, ಕೆಳಗೊತ್ತಿದರೆ ಬಟ್ಟಲಲ್ಲಿದ್ದದ್ದು ಪೈಪು ಹಿಡಿದು ಹೊರಗೆ ಹೋಗುತ್ತದೆ. ಬ್ಲೇಕ್, ಜಾಬ್‌ಸ್ಕೊ, ಲಾವಾಕ್ ಎಂಬ ಹೆಸರುಗಳಲ್ಲಿ ದಶಕಗಳಿಂದ ತಯಾರಾಗುತ್ತ ಬಂದ ಈ ಕೈಪಂಪಿನ ಕಕ್ಕಸು, ಬಿಚ್ಚಿ ನೋಡಿದವರಲ್ಲಿ ಗೌರವ ಹುಟ್ಟಿಸುವ ವಸ್ತು. ಹಾಗಿದ್ದೂ ಅದನ್ನು ಪೂರ್ತಿ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಬಟ್ಟಲಿನಿಂದ ಪೈಪಿನ ತುದಿಯವರೆಗೆ ಅಷ್ಟು ಜಾಣತನದಿಂದ ಯೋಚಿಸಿದ ಕೈಗಳು ಆ ತುದಿಯಲ್ಲೇ ಯೋಚನೆ ನಿಲ್ಲಿಸಿಬಿಟ್ಟಿವೆ. ಅದರ ದುರಸ್ತಿಯ ಬಗ್ಗೆ, ಸುಧಾರಣೆಯ ಬಗ್ಗೆ ನಡೆಯುವ ಮಾತೂ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ಕಾಸರಗೋಡಿನಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. 1514ರಲ್ಲಿ ಈ ಕರಾವಳಿ ಕಂಡ ಪೋರ್ಚುಗೀಸ ದುವಾರ್ತೆ ಬಾರ್ಬೊಸಾ, ಕುಂಬಳೆಯಿಂದ ಮಾಲ್ದೀವ್ಸಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಹಾಯಿ ಕಟ್ಟಿ ದಿನಗಟ್ಟಲೆ ನೀರಿನ ಮೇಲಿರುವುದು ನಮ್ಮ ಊರುಗಳಿಗೆ ಹೊಸತಲ್ಲ. ಅರಬ್ಬಿ ಕಡಲಿನ ಹಳೆಯ ಹಾಯಿಹಡಗುಗಳಲ್ಲಿ ಹಿಂಬದಿಯಲ್ಲಿ ನೀರಿನ ಮೇಲಕ್ಕೆ ಚಾಚಿದ ಮರದ ಪೆಟ್ಟಿಗೆಯೇ ಪಾಯಿಖಾನೆ. ಯುರೋಪಿನ ಹಡಗುಗಳಲ್ಲಿ ಅದು ಮುಂಭಾಗದಲ್ಲಿತ್ತು. ಗಾಳಿ ಹಿಂದಿನಿಂದ ಬೀಸುವುದರಿಂದ ವಾಸನೆ ಮುಂದಕ್ಕೆ ಹೋಗುತ್ತಿತ್ತು, ಅಲೆ ಬಂದು ತೊಳೆಯುತ್ತಿತ್ತು. ಇವತ್ತು ವಿಹಾರದ ಹಾಯಿದೋಣಿಗಳ ಮರೀನಾ ಬೇಕೆಂದರೆ ಕೊಚ್ಚಿಯ ಬೋಳ್ಗಾಟ್ಟಿಗೆ ಹೋಗಬೇಕು. ಆದರೆ ನೀಲೇಶ್ವರದ ಕೋಟಪ್ಪುರದಿಂದ ಹೊರಡುವ ಹೌಸ್‌ಬೋಟುಗಳು ನಮ್ಮಲ್ಲಿವೆ. ಮಂಜೇಶ್ವರ, ಕಾಸರಗೋಡು, ಚೆರುವತ್ತೂರಿನ ಮಡಕ್ಕರ ಬಂದರುಗಳಲ್ಲಿ ಮೀನಿನ ಬೋಟುಗಳಿವೆ. ನೀರಿನ ಮೇಲೆ ಮನುಷ್ಯ ಬದುಕುವಲ್ಲೆಲ್ಲ ಹೊಲಸು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಇದ್ದೇ ಇದೆ, ಮತ್ತು ಹಾಯಿದೋಣಿಯವರು ಅದಕ್ಕೆ ಕಂಡುಕೊಂಡ ಉತ್ತರದಲ್ಲಿ ನಮಗೆ ಕಲಿಯುವಂಥದ್ದೂ ಬಿಡುವಂಥದ್ದೂ ಎರಡೂ ಇವೆ.

ಮೊದಲು ಕಲಿಯುವುದನ್ನು ಹೇಳುತ್ತೇನೆ. ಪಂಪಿನ ಸಿಲಿಂಡರಿನೊಳಗೆ ಒಂದೇ ಪಿಸ್ಟನ್ ಇದೆ, ಅದರ ಎರಡೂ ಬದಿ ದುಡಿಯುತ್ತವೆ. ಮೇಲಿನ ಅರ್ಧ ಶುದ್ಧ ಕಡಲನೀರನ್ನು ಬಟ್ಟಲಿಗೆ ದೂಡುವಾಗ ಕೆಳಗಿನ ಅರ್ಧ ಬಟ್ಟಲಿನ ಹೊಲಸನ್ನು ಎಳೆದುಕೊಳ್ಳುತ್ತದೆ. ಹಿಡಿ ಕೆಳಗಿಳಿದಾಗ ಆ ಹೊಲಸು ತುಟಿಯಂತೆ ಸೀಳಿರುವ ಒಂದು ರಬ್ಬರ್ ವಾಲ್ವಿನ ಮೂಲಕ ಹೊರಗಿನ ಪೈಪಿಗೆ ಸೇರುತ್ತದೆ. ಮತ್ತೆ ಹಿಂದಕ್ಕೆ ಬರಲು ಆ ತುಟಿ ಬಿಡುವುದಿಲ್ಲ. ಬದಿಯಲ್ಲಿ ಒಂದು ಸಣ್ಣ ಕೀಲಿ: ಒಂದು ಕಡೆ ತಿರುಗಿಸಿದರೆ ನೀರು ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಟ್ಟಲು ಒಣಗುತ್ತದೆ. ಇಷ್ಟೇ. ಇದರಲ್ಲಿ ಸ್ಕ್ರೂಡ್ರೈವರಿಗೆ ನಿಲುಕದ ಭಾಗವಿಲ್ಲ.

ನಾನು ಮೆಚ್ಚುವುದು ಇದರ ಮಾತಾಡುವ ಗುಣವನ್ನು. ಏನು ಕೆಟ್ಟಿದೆಯೆಂದು ಯಂತ್ರವೇ ಹೇಳುತ್ತದೆ. ಹಿಡಿಯ ಕಂಬಿಯ ಸುತ್ತ ನೀರು ಜಿನುಗಿದರೆ ಮೇಲಿನ ಸೀಲು ಸವೆದಿದೆ. ಖಾಲಿ ಮಾಡಿದ ಬಟ್ಟಲಿಗೆ ಸ್ವಲ್ಪ ಹೊತ್ತಿನಲ್ಲಿ ಕೊಳಕು ನೀರು ಮರಳಿ ಬಂದರೆ ತುಟಿವಾಲ್ವು ಬಿಗಿ ಕಳೆದುಕೊಂಡಿದೆ. ಶುದ್ಧ ನೀರೇ ತಾನಾಗಿ ಏರುತ್ತಿದ್ದರೆ ಒಳಬರುವ ಬದಿಯಲ್ಲಿ ತಪ್ಪಿದೆ, ಅದನ್ನು ತಡಮಾಡದೆ ನೋಡಬೇಕು. ಹಿಡಿ ಗಟ್ಟಿಯಾದರೆ ಒಂದೋ ಗ್ರೀಸು ಒಣಗಿದೆ, ಇಲ್ಲವೇ ಹೊರಪೈಪು ಒಳಗಿಂದ ಕಿರಿದಾಗುತ್ತಿದೆ. ಭಾರತೀಯ ನೌಕಾಪಡೆಯ ಹಾಯಿದೋಣಿ ‘ತಾರಿಣಿ’ಯಲ್ಲಿ 2024ರ ಅಕ್ಟೋಬರಿನಿಂದ 2025ರ ಮೇ ತನಕ ಇಬ್ಬರೇ ಅಧಿಕಾರಿಣಿಯರು, ಕೋಳಿಕ್ಕೋಡಿನ ದಿಲ್ನಾ ಮತ್ತು ಪುದುಚೇರಿಯ ರೂಪಾ, ಗೋವೆಯಿಂದ ಹೊರಟು ಭೂಮಿ ಸುತ್ತಿ ಬಂದರು. ಅಂಥ ಪಯಣದಲ್ಲಿ ದಕ್ಷಿಣ ಸಾಗರದ ನಡುವೆ ಮೆಕ್ಯಾನಿಕ್ ಸಿಗುವುದಿಲ್ಲ. ಉಪಯೋಗಿಸುವವರ ಕೈಗೇ ದುರಸ್ತಿ ಒಗ್ಗುವಂತಿರುವುದು ಅಲ್ಲಿ ಸೌಕರ್ಯದ ಮಾತಲ್ಲ, ಬದುಕಿನ ಮಾತು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇತಿಹಾಸದಲ್ಲಿದೆ. ಯುರೋಪಿನಲ್ಲಿ ಎರಡನೇ ಮಹಾಯುದ್ಧದ ಕೊನೆಯ ವಾರಗಳಲ್ಲಿ, 1945ರ ಏಪ್ರಿಲ್ 14ರಂದು, ಸ್ಕಾಟ್ಲೆಂಡಿನ ಕರಾವಳಿಯ ಬಳಿ ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿ ಕಳೆದುಹೋದದ್ದರ ಹಿಂದೆ ಅದರ ಕಕ್ಕಸಿನ ತೊಂದರೆಯಿತ್ತು. ಆಳದಲ್ಲೂ ಹೊರದೂಡಬಲ್ಲ ಆ ವ್ಯವಸ್ಥೆಯ ವಾಲ್ವುಗಳು ಜಟಿಲವಾಗಿದ್ದವು. ನೀರು ಒಳನುಗ್ಗಿ ಬ್ಯಾಟರಿಗೆ ತಾಗಿ ಕ್ಲೋರಿನ್ ಎದ್ದಿತು, ಮೇಲೆ ಬರದೆ ದಾರಿಯಿರಲಿಲ್ಲ. ಸರಳತೆ ಸಮುದ್ರದಲ್ಲಿ ಸೌಂದರ್ಯದ ವಿಷಯವಷ್ಟೇ ಆಗಿರುವುದಿಲ್ಲ.

ಇನ್ನು ನಿರ್ವಹಣೆ. ಇಲ್ಲಿ ರೂಢಿಯ ತಪ್ಪುಗಳು ಬಹಳ. ಮೊದಲನೆಯದು ವಾಸನೆಯ ಮೂಲದ ಬಗ್ಗೆ. ಬಟ್ಟಲು ನಾರಿದರೆ ಎಲ್ಲರೂ ಹೊರಹೋಗುವ ಪೈಪನ್ನು ದೂರುತ್ತಾರೆ. ಆದರೆ ವಾರಗಟ್ಟಲೆ ನಿಂತ ದೋಣಿಯಲ್ಲಿ ಮೊದಲ ಬಾರಿ ಪಂಪು ಒತ್ತಿದಾಗ ಬರುವ ಕೊಳೆತ ಮೊಟ್ಟೆಯ ನಾತ ಒಳಬರುವ ಪೈಪಿನದು. ಅದರಲ್ಲಿ ನಿಂತ ಕಡಲನೀರಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟಿರುತ್ತದೆ. ದೋಣಿ ಬಿಟ್ಟು ಇಳಿಯುವ ಮುಂಚೆ ಸಿಹಿನೀರನ್ನು ಬಟ್ಟಲಿಗೆ ಸುರಿದರೆ ಹೊರಪೈಪು ಮಾತ್ರ ತೊಳೆಯುತ್ತದೆ. ಒಳಪೈಪನ್ನು ಸಿಹಿನೀರಿನ ಬಕೆಟ್ಟಿಗೆ ಇಳಿಸಿ ನಾಲ್ಕಾರು ಸಲ ಪಂಪು ಹೊಡೆದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಸುಗಂಧದ ಗುಳಿಗೆಗಳಿಗೆ ಹಣ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದು ಕಲ್ಲು. ಮೂತ್ರದ ಯೂರಿಯಾ ಒಡೆದು ಪೈಪಿನೊಳಗಿನ ನೀರು ಕ್ಷಾರವಾದಾಗ ಕಡಲನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಘನವಾಗಿ ಗೋಡೆಗೆ ಅಂಟುತ್ತವೆ. 38 ಮಿಲಿಮೀಟರ್ ಪೈಪು ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ತುಟಿವಾಲ್ವಿನ ಮೇಲೂ ಅದೇ ಕಲ್ಲು ಕೂತು ಬಾಯಿ ಮುಚ್ಚದಂತೆ ಮಾಡುತ್ತದೆ. ವಿನೆಗರ್ ಸುರಿದು ರಾತ್ರಿಯಿಡೀ ಬಿಡುವುದು ಮೊದಲೇ ರೂಢಿಸಿಕೊಂಡರೆ ಒಳ್ಳೆಯದು. ಗಟ್ಟಿಯಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆಗ ಪೈಪನ್ನು ಬಿಚ್ಚಿ ದಕ್ಕೆಯ ಕಲ್ಲಿಗೆ ಬಡಿದು ಉದುರಿಸುವ ಹಳೆಯ ನಾವಿಕರ ಕ್ರಮವೇ ಉಳಿಯುತ್ತದೆ. ಇದೆಲ್ಲಕ್ಕಿಂತ ಅಗ್ಗದ ಮದ್ದು ಇನ್ನೂ ಕೆಲವು ಸಲ ಹಿಡಿ ಒತ್ತುವುದು. ಬಟ್ಟಲು ಖಾಲಿಯಾಗಿ ಕಂಡರೆ ಪೈಪು ಖಾಲಿಯಾಯಿತೆಂದು ಅರ್ಥವಲ್ಲ. ಬಟ್ಟಲಿನಿಂದ ಎರಡು ಮೂರು ಮೀಟರ್ ಏರಿ ಇಳಿಯುವ ಪೈಪಿನಲ್ಲಿ ಉಳಿದದ್ದೇ ಮುಂದೆ ಕಲ್ಲಾಗುತ್ತದೆ.

ಗ್ರೀಸಿನ ವಿಚಾರದಲ್ಲಿ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ತೆಂಗಿನೆಣ್ಣೆ. ಬಟ್ಟಲಿಗೆ ಒಂದು ಚಮಚ ಎಣ್ಣೆ ಬಿಟ್ಟು ಪಂಪು ಹೊಡೆದರೆ ಹಿಡಿ ತಕ್ಷಣ ಹಗುರಾಗುತ್ತದೆ, ನಿಜ. ಆದರೆ ಅದು ಬೇಗ ತೊಳೆದುಹೋಗುತ್ತದೆ. ಪಂಪಿನ ತಲೆ ಬಿಚ್ಚಿ ಪಿಸ್ಟನ್ನಿನ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸು ಹಚ್ಚಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಎಣ್ಣೆಯದು ತುರ್ತಿನ ಉಪಾಯ. ಅದನ್ನೇ ಕ್ರಮವೆಂದು ನಂಬಿದವರ ಸೀಲು ಬೇಗ ಸೋರುತ್ತದೆ.

ಒಂದು ವಿಷಯದಲ್ಲಿ ನಮ್ಮ ರೂಢಿ ಈ ಯಂತ್ರಕ್ಕೆ ಪಶ್ಚಿಮದ ರೂಢಿಗಿಂತ ಚೆನ್ನಾಗಿ ಹೊಂದುತ್ತದೆ. ಹಾಯಿದೋಣಿಯ ಕಕ್ಕಸು ಕಟ್ಟಿಕೊಳ್ಳುವುದರಲ್ಲಿ ದೊಡ್ಡ ಪಾಲು ಕಾಗದದ್ದು. ನೀರಿನಿಂದ ತೊಳೆಯುವ ಮನೆಯವರು ಬಂದರೆ ಆ ಪ್ರಶ್ನೆಯೇ ಇಲ್ಲ. ಆದರೆ ಹೊಲಸನ್ನು ಕಡಲಿಗೆ ಬಿಡದೆ ಟ್ಯಾಂಕಿಗೆ ತುಂಬಿಸುವ ದೋಣಿಯಲ್ಲಿ ಇದೇ ನೀರು ಟ್ಯಾಂಕನ್ನು ಬೇಗ ತುಂಬಿಸುತ್ತದೆ. ಆದ್ದರಿಂದ ಟ್ಯಾಂಕಿನ ಗಾತ್ರ ಲೆಕ್ಕ ಹಾಕುವಾಗ ಹೊರದೇಶದ ಪುಸ್ತಕದ ಅಂಕಿಯನ್ನು ಹಾಗೇ ಎತ್ತಿಕೊಳ್ಳಬಾರದು. ಟ್ಯಾಂಕಿನ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಈ ಬರಹದ ಭಾರವೆಲ್ಲ ಅಲ್ಲೇ ಇದೆ.

ಸುಧಾರಣೆ ಎಂದೊಡನೆ ಜನ ಕೇಳುವುದು ಮೋಟಾರನ್ನು. ಕೈಪಂಪು ತೆಗೆದು ಅದೇ ಬಟ್ಟಲಿಗೆ 12 ವೋಲ್ಟಿನ ಮೋಟಾರು ಕೂರಿಸುವ ಕಿಟ್ಟುಗಳು ಸಿಗುತ್ತವೆ. ಗುಂಡಿ ಒತ್ತಿದರೆ ಸಾಕು. ವಯಸ್ಸಾದವರಿಗೆ, ಕೈಯಲ್ಲಿ ಬಲವಿಲ್ಲದವರಿಗೆ ಇದು ನಿಜವಾದ ಉಪಕಾರ, ಅದನ್ನು ಅಲ್ಲಗಳೆಯುವುದಿಲ್ಲ. ಉಳಿದವರ ಮಟ್ಟಿಗೆ ಮಾತ್ರ ಅದು ಸರದಿ ತಪ್ಪಿದ ಖರ್ಚು. ಮೋಟಾರಿಗೆ ಬ್ಯಾಟರಿ ಬೇಕು, ದಪ್ಪ ವೈರು ಬೇಕು, ನೂಲೊಂದು ಸುತ್ತಿಕೊಂಡರೂ ಅದು ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿ ಕೊಡುತ್ತಿದ್ದ ಸೂಚನೆ ನಿಂತುಹೋಗುತ್ತದೆ. ಪೈಪು ಕಿರಿದಾಗುತ್ತಿದೆಯೆಂದು ತೋಳಿಗೆ ಮೊದಲೇ ತಿಳಿಯುತ್ತಿತ್ತು. ಗುಂಡಿಗೆ ಅದು ತಿಳಿಯುವುದು ಒಡೆದ ಮೇಲೆ.

ನನ್ನನ್ನು ಕೇಳಿದರೆ ಹಣ ಮೊದಲು ಹೋಗಬೇಕಾದದ್ದು ಕಣ್ಣಿಗೆ ಬೀಳದ ಭಾಗಗಳಿಗೆ. ದೋಣಿಯ ಅಡಿಯಲ್ಲಿರುವ ತೂತಿನ ವಾಲ್ವು ಕಂಚಿನದೇ ಆಗಿರಬೇಕು. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಬಾಲ್‌ವಾಲ್ವು ನೋಡಲು ಹಾಗೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಉಪ್ಪುನೀರಿನಲ್ಲಿ ಅದರ ಸತುವು ಕರಗಿಹೋಗಿ ಉಳಿದ ಲೋಹ ಪುಡಿಪುಡಿಯಾಗುತ್ತದೆ. ಒಂದು ದಿನ ಹಿಡಿ ತಿರುಗಿಸುವಾಗ ವಾಲ್ವೇ ಮುರಿದು ಕೈಗೆ ಬರುತ್ತದೆ, ಕೆಳಗೆ ಕಡಲು. ಕೃಷಿ ಪಂಪಿನ ಪಿವಿಸಿ ಪೈಪನ್ನು ಇಲ್ಲಿಗೆ ಹಾಕುವುದೂ ಇಂಥದೇ ಉಳಿತಾಯ, ಅದರ ಗೋಡೆಯ ಮೂಲಕವೇ ನಾತ ಹೊರಬರುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪೈಪಿನ ಹೊರಮೈ ಉಜ್ಜಿ ಮೂಸಿದರೆ ಪೈಪು ಬದಲಿಸಬೇಕೋ ಬೇಡವೋ ಎಂದು ಗೊತ್ತಾಗುತ್ತದೆ. ಪೈಪಿನ ಪ್ರತಿ ತುದಿಗೂ ಎರಡೆರಡು ಸ್ಟೀಲ್ ಕ್ಲಿಪ್ಪು, ವಾಲ್ವಿನ ಪಕ್ಕ ದಾರ ಕಟ್ಟಿದ ಒಂದು ಮರದ ಬಿರಡೆ ಇರಬೇಕು. ಬಟ್ಟಲು ನೀರಿನ ಮಟ್ಟಕ್ಕಿಂತ ಕೆಳಗಿರುವ ದೋಣಿಯಲ್ಲಿ ಪೈಪು ನೀರಿನ ಮಟ್ಟಕ್ಕಿಂತ ಮೇಲಕ್ಕೇರಿ ಬಾಗಿ ಇಳಿಯಬೇಕು; ಬಾಗಿದ ತುದಿಯಲ್ಲಿ ಗಾಳಿ ಒಳಬಿಡುವ ಪುಟ್ಟ ವಾಲ್ವು ಇರಬೇಕು. ಅದಿಲ್ಲದಿದ್ದರೆ, ಅಥವಾ ಉಪ್ಪು ಕಟ್ಟಿ ಅದು ಮುಚ್ಚಿಕೊಂಡರೆ, ನೀರು ತಾನಾಗಿ ಎಳೆದುಕೊಂಡು ಬಟ್ಟಲು ತುಂಬಿ ಹರಿದು ಕಟ್ಟಿಹಾಕಿದ ದೋಣಿಯೇ ಮುಳುಗಬಹುದು. ವಿನ್ಯಾಸದ ಸುಧಾರಣೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಲಾವಾಕ್‌ನದು. ಮುಚ್ಚಳ ಗಾಳಿಯಾಡದಂತೆ ಕೂರುತ್ತದೆ, ಪಂಪು ಹೊಲಸನ್ನು ಎಳೆದಾಗ ಒಳಗೆ ಉಂಟಾಗುವ ನಿರ್ವಾತವೇ ಹೊಸ ನೀರನ್ನು ಕರೆತರುತ್ತದೆ. ಪಂಪು ಬಟ್ಟಲಿನಿಂದ ದೂರ, ಕೈಗೆ ಅನುಕೂಲವಾದ ಕಡೆ ಇರಬಹುದು. ಚಲಿಸುವ ಭಾಗಗಳು ಇನ್ನೂ ಕಡಿಮೆ.

ಇಷ್ಟೆಲ್ಲ ಆದ ಮೇಲೂ ಪೈಪಿನ ತುದಿ ನೀರಿನಲ್ಲೇ ಇದೆ. ನಡುಗಡಲಿನಲ್ಲಿ ಒಂದೆರಡು ಜನರ ಹೊಲಸು ದೊಡ್ಡ ಸಂಗತಿಯಲ್ಲ. ಹಡಗು ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ನಾಲ್ಕನೇ ಅನುಬಂಧ, 2003ರಿಂದ ಜಾರಿಯಲ್ಲಿರುವುದು, ಸಂಸ್ಕರಿಸದ ಹೊಲಸನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ ಬಿಡಲು ಒಪ್ಪುತ್ತದೆ. ಅಂದರೆ ಸುಮಾರು 22 ಕಿಲೋಮೀಟರ್. ಆದರೆ ಆ ಅನುಬಂಧ 400 ಟನ್ನಿನ, ಅಥವಾ 15ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಹಡಗುಗಳನ್ನು ನೋಡಿ ಬರೆದದ್ದು, ಅದೂ ಅಂತರರಾಷ್ಟ್ರೀಯ ಯಾನದವು. ಚಿಕ್ಕ ದೋಣಿಗಳನ್ನು ಆಯಾ ದೇಶವೇ ನೋಡಿಕೊಳ್ಳಬೇಕು. ಸ್ವೀಡನ್ 2015ರ ಏಪ್ರಿಲಿನಿಂದ ತನ್ನ ಸಾಗರಸೀಮೆಯೊಳಗೆ ವಿಹಾರದೋಣಿಗಳು ಹೊಲಸು ಬಿಡುವುದನ್ನೇ ನಿಷೇಧಿಸಿತು. ನಮ್ಮಲ್ಲಿ 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ ಒಳನಾಡು ಹಡಗು ಅಧಿನಿಯಮ 2021ರಲ್ಲಿ ಮಾಲಿನ್ಯ ತಡೆಗೆ ಒಂದು ಅಧ್ಯಾಯವೇ ಇದೆ. ಕಾನೂನಿನ ಕೊರತೆ ಎಂದು ನಾನು ಹೇಳಲಾರೆ.

ಈಗ ವಲಿಯಪರಂಬಕ್ಕೆ ಬನ್ನಿ. ಕಡಲು ಮತ್ತು ಕವ್ವಾಯಿ ಹಿನ್ನೀರಿನ ನಡುವೆ ತೆಳ್ಳಗೆ ಉದ್ದಕ್ಕೆ ಮಲಗಿದ 24 ಕಿಲೋಮೀಟರಿನ ಮರಳುಪಟ್ಟಿ ಅದು. ಅದರ ಒಳಬದಿಯ ನೀರಿನಲ್ಲಿ, ಪಡನ್ನ, ಚೆರುವತ್ತೂರಿನ ಸುತ್ತ, ನೆಟ್ಟ ಕಂಬಗಳ ಸಾಲುಗಳು ಕಾಣುತ್ತವೆ. ಕಂಬಗಳಿಗೆ ಅಡ್ಡ ಬಿದಿರು ಕಟ್ಟಿ, ಬಿದಿರಿನಿಂದ ಹಗ್ಗ ಇಳಿಬಿಟ್ಟು, ಹಗ್ಗಕ್ಕೆ ಕಲ್ಲುಮ್ಮಕ್ಕಾಯಿಯ, ಅಂದರೆ ನಮ್ಮ ಪಚ್ಚಿಲೆಯ, ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದಿರುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಇಲ್ಲಿ ಕಲಿಸಿಕೊಟ್ಟ ಕೃಷಿ ಇದು. ನಡೆಸುವವರಲ್ಲಿ ಬಹಳ ಮಂದಿ ಸ್ವಸಹಾಯ ಗುಂಪುಗಳ ಹೆಂಗಸರು. ಮಳೆ ಹಿಂದೆ ಸರಿದು ನೀರಿಗೆ ಉಪ್ಪು ಬಂದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ ಬಿತ್ತನೆ. ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಲು, ಮಳೆನೀರು ಬಂದು ಉಪ್ಪು ಇಳಿಸುವ ಮುಂಚೆ.

ಪ್ರವಾಸದ ಕಾಲವೂ ಅದೇ. ಬಿಸಿಲಿರುವ, ಅಲೆಯಿಲ್ಲದ ಆ ತಿಂಗಳುಗಳಲ್ಲೇ ಹೌಸ್‌ಬೋಟುಗಳು ಈ ಹಗ್ಗಗಳ ನಡುವಿನ ದಾರಿಯಲ್ಲಿ ಸಾಗುತ್ತವೆ. ಪಚ್ಚಿಲೆ ತಿನ್ನುವುದು ನೀರನ್ನು ಸೋಸಿ. ಒಂದೊಂದೂ ಗಂಟೆಗೆ ಲೀಟರುಗಟ್ಟಲೆ ಸೋಸುತ್ತದೆ. ನೀರಿನಲ್ಲಿದ್ದ ಸೂಕ್ಷ್ಮಜೀವಿ ಅದರ ಮಾಂಸದಲ್ಲಿ ಒಟ್ಟುಗೂಡುತ್ತದೆ. ಯುರೋಪಿನ ನಿಯಮದಲ್ಲಿ ನೇರವಾಗಿ ತಿನ್ನಲು ಬಿಡುವ ಪಚ್ಚಿಲೆಯ 100 ಗ್ರಾಂ ಮಾಂಸಕ್ಕೆ ಇ. ಕೋಲಿ 230ರ ಮಿತಿ ಇಟ್ಟಿರುವುದು ಈ ಕಾರಣಕ್ಕೇ. ಅದಕ್ಕಿಂತ ಕೊಳಕಾದ ನೀರಿನದನ್ನು ಶುದ್ಧ ನೀರಿನಲ್ಲಿಟ್ಟು ಒಳಗಿನದನ್ನು ಹೊರಬಿಡಿಸಿದ ಮೇಲೆಯೇ ಮಾರಬೇಕು. ಕವ್ವಾಯಿಯ ನೀರಿಗೆ ಹೊಲಸು ಬರುವುದು ದೋಣಿಗಳಿಂದ ಮಾತ್ರ ಎಂದು ನಾನು ಹೇಳುತ್ತಿಲ್ಲ. ಮರಳುನೆಲದ ಮನೆಗಳ ಗುಂಡಿಗಳಿಂದಲೂ ಜಿನುಗುತ್ತದೆ. ಆದರೆ ನೀರಿನ ಮೇಲೆಯೇ ನಿಂತು ವ್ಯಾಪಾರ ಮಾಡುವವರ ಹೊಣೆ ಹೆಚ್ಚು. ಅತಿಥಿಗೆ ಮಧ್ಯಾಹ್ನ ಬಡಿಸುವ ಪಚ್ಚಿಲೆಯೂ ಅದೇ ನೀರಿನದು.

ಕೇರಳದ ಹೌಸ್‌ಬೋಟುಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವ ಉತ್ತರ ಬಯೋಟ್ಯಾಂಕು. ಮೂಲದಲ್ಲಿ ಇದು ಒಳ್ಳೆಯ ಕಲ್ಪನೆ. ಸಿಯಾಚಿನ್‌ನ ಸೈನಿಕರ ಸಲುವಾಗಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಜೈವಿಕ ಡೈಜೆಸ್ಟರು, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಂದ ಹೊಲಸನ್ನು ಅನಿಲವಾಗಿ, ನೀರಾಗಿ ಒಡೆಯುತ್ತದೆ. ರೈಲಿನಲ್ಲೂ ಲಕ್ಷದ್ವೀಪದಲ್ಲೂ ಅದೇ ತತ್ವ. ಆದರೆ ರೈಲಿನಲ್ಲಿ ಹೊರಬರುವ ನೀರಿಗೆ ಕ್ಲೋರಿನ್ ಹಂತವೊಂದಿದೆ, ನೆಲದ ಮೇಲಾದರೆ ಆ ನೀರನ್ನು ಜೊಂಡುಹಾಸಿಗೆ ಬಿಡಬಹುದು. ದೋಣಿಯಲ್ಲಿ ಆ ನೀರು ನೇರ ಹಿನ್ನೀರಿಗೆ ಬಿದ್ದರೆ ರೋಗಾಣು ಕಡಿಮೆಯಾಗಿರುತ್ತದೆ, ಇಲ್ಲವಾಗಿರುವುದಿಲ್ಲ. ಉಪ್ಪು ಹೆಚ್ಚಿದಷ್ಟೂ ಈ ಜೀವಿಗಳ ಕೆಲಸ ನಿಧಾನ; ಬೇಸಿಗೆಯ ಕವ್ವಾಯಿ ನೀರಿನಲ್ಲಿ ಫ್ಲಶ್ ಮಾಡಿದರೆ ಅದೂ ಸೇರುತ್ತದೆ. ಇನ್ನು ಫಿನಾಯಿಲ್. ಅತಿಥಿ ಹತ್ತುವ ಮುಂಚೆ ಕಕ್ಕಸಿನಲ್ಲಿ ಫಿನಾಯಿಲ್ ವಾಸನೆ ಬಂದರೇನೇ ಚೊಕ್ಕ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪುಡಿ ಮೂರೂ ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಹಾಗೆ ತೊಳೆದ ದೋಣಿಯ ಬಯೋಟ್ಯಾಂಕು, ಹೊಲಸು ಹಾದುಹೋಗುವ ಬರೀ ಡಬ್ಬಿ. ಸಾಬೂನು ನೀರು ಮತ್ತು ಬ್ರಷ್ಷು ಸಾಕು ಎಂದು ಕೆಲಸದವರಿಗೆ ಹೇಳಿಕೊಡಲು ಖರ್ಚಿಲ್ಲ. ಇದನ್ನು ಹೇಳಿಕೊಡದೆ ಟ್ಯಾಂಕಿಗೆ ಸಾವಿರಗಟ್ಟಲೆ ಸುರಿಯುವುದನ್ನು ನಾನು ಸುಧಾರಣೆ ಎಂದು ಒಪ್ಪಲಾರೆ.

ನನಗೆ ಹೆಚ್ಚು ಭರವಸೆ ಹಿಡಿದಿಟ್ಟುಕೊಳ್ಳುವ ಟ್ಯಾಂಕಿನ ಮೇಲೆ. ಯಾವ ಜೀವಿಯ ಕೃಪೆಯೂ ಬೇಡದ ಗಟ್ಟಿ ಪಾಲಿಥೀನ್ ಟ್ಯಾಂಕು, ಮೇಲ್ಗಡೆ ಹೀರಿಕೊಳ್ಳಲು ಒಂದು ಬಾಯಿ, ಗಾಳಿಗೆ ದಪ್ಪ ಪೈಪು. ಸ್ಟೀಲಿನ ಟ್ಯಾಂಕು ಬೇಡ, ಮೂತ್ರ ಅದರ ಬೆಸುಗೆಗಳನ್ನು ತಿನ್ನುತ್ತದೆ. ಗಾಳಿಯ ಪೈಪು ಸಣ್ಣದಾದರೆ ಒಳಗೆ ಆಮ್ಲಜನಕ ಸಾಲದೆ ನಾತ ಹೆಚ್ಚುತ್ತದೆ. ಆದರೆ ಟ್ಯಾಂಕು ಹಾಕಿಸಿದವನು ಅದನ್ನು ಎಲ್ಲಿ ಖಾಲಿ ಮಾಡಬೇಕು? ಇಲ್ಲಿ ಹೊಣೆ ದೋಣಿಯವನಿಂದ ದಡದವರಿಗೆ ದಾಟುತ್ತದೆ. ಜೆಟ್ಟಿಯಲ್ಲಿ ಹೀರುವ ಪಂಪು, ಅದರಿಂದ ಸಂಸ್ಕರಣೆಯ ಘಟಕಕ್ಕೆ ದಾರಿ ಇಲ್ಲದಿದ್ದರೆ ಒಳ್ಳೆಯ ದೋಣಿಯವನೂ ಕತ್ತಲಾದ ಮೇಲೆ ವಾಲ್ವು ತಿರುಗಿಸುತ್ತಾನೆ. ಟ್ಯಾಂಕಿಗೂ ಕಡಲಿಗೂ ದಾರಿ ಬದಲಿಸುವ ಆ ಮೂರುಬಾಯಿಯ ವಾಲ್ವಿಗೆ, ಬಿಡಲು ನಿಷೇಧವಿರುವ ನೀರಿನಲ್ಲಿ ಬೀಗ ಹಾಕಿ ಅಥವಾ ತಂತಿ ಬಿಗಿದು ಇಡಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ತಪಾಸಣೆಗೆ ಬಂದವರು ಒಂದು ನೋಟದಲ್ಲಿ ಪರೀಕ್ಷಿಸಬಹುದಾದ ಇಂಥ ನಿಯಮ ನಮಗೂ ಒಪ್ಪುತ್ತದೆ.

ಮೀನಿನ ಬೋಟುಗಳಲ್ಲಿ ಪ್ರಶ್ನೆ ಬೇರೆ. ಅಲ್ಲಿ ಟೀಕಿಸಲು ಕಕ್ಕಸೇ ಇಲ್ಲ. ಮಂಗಳೂರು, ಮಲ್ಪೆಯಿಂದ ಹೊರಟು ವಾರ ಹತ್ತು ದಿನ ಕಡಲಲ್ಲಿರುವ ಬೋಟುಗಳಲ್ಲೂ ಹಿಂಬದಿಯ ಅಂಚು ಹಿಡಿದು ಕೂರುವುದೇ ಕ್ರಮವಾಗಿ ಉಳಿದಿದೆ. ರಾತ್ರಿ ಮೂತ್ರಕ್ಕೆಂದು ಅಂಚಿಗೆ ಹೋದವನು ಆಯತಪ್ಪಿ ನೀರಿಗೆ ಬಿದ್ದ ಸುದ್ದಿ ನಮ್ಮ ಕರಾವಳಿಯ ಪತ್ರಿಕೆಗಳ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಎಂಜಿನ್ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳುವುದಿಲ್ಲ. ಬೆಳಗ್ಗೆ ಚಾ ಕೊಡುವಾಗ ಒಬ್ಬ ಕಡಿಮೆ ಎಂದು ಗೊತ್ತಾಗುತ್ತದೆ. ಇದು ಶುಚಿತ್ವಕ್ಕಿಂತ ಮೊದಲು ಜೀವದ ಪ್ರಶ್ನೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಯಾಂತ್ರಿಕ ಬೋಟುಗಳಿಗೆ ಬಯೋಟಾಯ್ಲೆಟ್ ಕೂರಿಸಲು ಸಹಾಯಧನವಿದೆ: ಸಾಮಾನ್ಯರಿಗೆ ಶೇಕಡಾ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇಕಡಾ 60. ಯೋಜನೆ ಮಾಡಿದವರಿಗೆ ಈ ಅಗತ್ಯ ಕಂಡಿದೆಯೆಂಬುದಕ್ಕೆ ನಾನು ಋಣಿ. ಆದರೆ ಬಲೆ, ಐಸು, ಡೀಸೆಲ್ ತುಂಬಿದ ಬೋಟಿನಲ್ಲಿ ಕಟ್ಟಿ ಮುಗಿದ ಮೇಲೆ ತಂದಿಟ್ಟ ಪೆಟ್ಟಿಗೆಗೆ ಜಾಗವಿರುವುದಿಲ್ಲ. ಅದು ಹಗ್ಗ, ಬುಟ್ಟಿ ಇಡುವ ಗೂಡಾಗುತ್ತದೆ. ಬೋಟು ಕಟ್ಟುವ ಯಾರ್ಡಿನಲ್ಲೇ, ಚಾಲಕನ ಕೋಣೆಯ ಹಿಂದೆ, ನಾಲ್ಕು ಗೋಡೆ, ಹಿಡಿಯಲು ಒಂದು ಕಂಬಿ, ಒಂದು ದೀಪ ಇರುವ ಜಾಗವನ್ನು ನಕ್ಷೆಯಲ್ಲಿ ಬರೆಯಬೇಕು.

ಅಂಥ ಜಾಗದಲ್ಲಿ ಕೂರಿಸಲು ನನ್ನ ಆಯ್ಕೆ ಹಾಯಿದೋಣಿಯ ಅದೇ ಕೈಪಂಪು, ಕೂತುಕೊಳ್ಳುವ ಬಟ್ಟಲಿನ ಬದಲು ಕುಕ್ಕುರುಗಾಲಿನ ತಟ್ಟೆಯೊಂದಿಗೆ. ಬಂದರಿನ ಹತ್ತಿರ ಅದು ಟ್ಯಾಂಕಿಗೆ ತಳ್ಳಲಿ, 12 ಮೈಲಿ ದಾಟಿದ ಮೇಲೆ ಕಡಲಿಗೆ. ಎಂಜಿನ್ ಬಿಚ್ಚಿ ಜೋಡಿಸುವ ಡ್ರೈವರನಿಗೆ ಅದರ ಸೀಲು ಬದಲಿಸುವುದು ಕಷ್ಟವೇ ಅಲ್ಲ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ, ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಬೋಟುಗಳು ದಡಕ್ಕೆ ಬಂದು ಬಣ್ಣ, ಎಂಜಿನ್, ಬಲೆಯ ಕೆಲಸ ನಡೆಯುವ ಕಾಲ ಅದು. ತುಟಿವಾಲ್ವು ಹೊಸತು ಹಾಕುವುದು, ಪಿಸ್ಟನ್ನಿಗೆ ಗ್ರೀಸು ಹಚ್ಚುವುದು, ಅಡಿಯ ಕಂಚಿನ ವಾಲ್ವು ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುವುದು ಆ ಪಟ್ಟಿಗೆ ಸೇರಬೇಕು. ಕೋಟಪ್ಪುರದ ಹೌಸ್‌ಬೋಟುಗಳಿಗೂ ಮಳೆಗಾಲವೇ ಬಿಡುವು. ಜೆಟ್ಟಿಯಲ್ಲಿ ಹೀರುವ ಪಂಪು ಕೂರಿಸಲು ಅದೇ ಸಮಯ, ನವೆಂಬರಿನಲ್ಲಿ ಪಡನ್ನದವರು ಹಗ್ಗಕ್ಕೆ ಪಚ್ಚಿಲೆ ಮರಿ ಹೊಲಿಯಲು ಕೂರುವ ಮುಂಚೆ.